ಮುಂಗಡದ ಗಂಟು ಬಿಚ್ಚುವವರು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ದುಡಿಯುವ ಜನರಲ್ಲಿ ಅನೇಕರಿಗೆ ಕೂಲಿಗಿಂತ ಮೊದಲು ಕೈಗೆ ಬರುವುದು ಮುಂಗಡ. ರೇಷ್ಮೆ ನೂಲು ಬಿಚ್ಚುವ ಹೆಂಗಸು, ಬೊಂಬೆ ಕಡೆಯುವ ಕುಶಲಕರ್ಮಿ, ಹೊಲದ ಆಳು, ಕಲ್ಲು ಕ್ವಾರಿಯ ಕೂಲಿ, ಇಟ್ಟಿಗೆ ಗೂಡಿನ ಕುಟುಂಬ, ಹೀಗೆ ಕಸುಬು ಬೇರೆ, ಜಾತಿ ಮತ ಬೇರೆ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಮಾಲೀಕನಿಂದ ಒಂದಿಷ್ಟು ಇಡಿಗಂಟು ತರುವುದು, ಅದು ತೀರುವವರೆಗೆ ಅವನಲ್ಲೇ ದುಡಿಯುವುದು ಎಂಬ ಕಟ್ಟಳೆ ಮಾತ್ರ ಎಲ್ಲರಿಗೂ ಒಂದೇ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ಸೀಮೆಯಲ್ಲಿ ಸಮಾನತೆಗಾಗಿ ನಡೆದ ಕೆಲಸದ ಬಹುಭಾಗ, ಒಂದಲ್ಲ ಒಂದು ರೀತಿಯಲ್ಲಿ, ಈ ಗಂಟನ್ನು ಬಿಚ್ಚುವ ಕೆಲಸವೇ ಆಗಿದೆ.

ಬ್ಯಾಂಕಿನ ಸಾಲಕ್ಕೆ ಬಡ್ಡಿ ದರವಿರುತ್ತದೆ, ಕಂತಿರುತ್ತದೆ, ಮುಗಿಯುವ ದಿನವಿರುತ್ತದೆ. ಮುಂಗಡಕ್ಕೆ ಇವು ಯಾವುವೂ ಇರುವುದಿಲ್ಲ. ಎಷ್ಟು ಕೊಟ್ಟೆ, ಎಷ್ಟು ಮುರಿದುಕೊಂಡೆ ಎಂಬ ಲೆಕ್ಕ ಕೊಟ್ಟವನ ತಲೆಯಲ್ಲೋ ಅವನ ಚೀಟಿ ಪುಸ್ತಕದಲ್ಲೋ ಇರುತ್ತದೆ. ಎಷ್ಟೋ ಕಡೆ ದುಡಿದ ದಿನದ ಕೂಲಿಯನ್ನು ಬಡ್ಡಿಗೆ ಹಿಡಿದು ಅಸಲನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಕಾಯಿಲೆ ಬಿದ್ದು ಒಂದು ವಾರ ಮನೆಯಲ್ಲಿ ಕುಳಿತರೆ ಆ ವಾರವೂ ಸಾಲಕ್ಕೆ ಸೇರುತ್ತದೆ. ಬೇರೆ ಕಡೆ ಹೆಚ್ಚು ಕೂಲಿ ಸಿಕ್ಕರೆ ಅಲ್ಲಿಂದ ಇನ್ನೂ ದೊಡ್ಡ ಮುಂಗಡ ತಂದು ಇಲ್ಲಿನದನ್ನು ತೀರಿಸಬೇಕು. ಆಗ ಬದಲಾಗುವುದು ಮಾಲೀಕ ಮಾತ್ರ.

ಹೊಲದ ಜೀತ ಇದರ ಹಳೆಯ ರೂಪ. ಹಳೇ ಮೈಸೂರು ಸೀಮೆಯಲ್ಲಿ ಅದರ ಅವಧಿ ಸಾಮಾನ್ಯವಾಗಿ ಯುಗಾದಿಯಿಂದ ಯುಗಾದಿಗೆ. ತಂದೆ ಮಾಡಿದ ಸಾಲಕ್ಕೆ ಮಗ ಗೌಡರ ಮನೆಯ ದನ ಮೇಯಿಸಲು ಹೋಗುತ್ತಿದ್ದ, ಮೀಸೆ ಚಿಗುರಿದ ಮೇಲೆ ನೇಗಿಲು ಹಿಡಿಯುತ್ತಿದ್ದ. ಅವನ ಮದುವೆಯ ಖರ್ಚಿಗೆ ಅದೇ ಮನೆಯಿಂದ ಮತ್ತೆ ಹಣ ಬರುತ್ತಿತ್ತು. ಜೀತಕ್ಕಿದ್ದವರಲ್ಲಿ ಬಹುಪಾಲು ದಲಿತರು. 1974ರ ಭೂಸುಧಾರಣಾ ತಿದ್ದುಪಡಿ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿತು ಎಂಬ ಮಾತು ನಿಜವೇ. ಆದರೆ ಕಾನೂನಿನ ಕಣ್ಣಿನಲ್ಲಿ ಉಳುವವನು ಎಂದರೆ ಗುತ್ತಿಗೆದಾರ, ಗೇಣಿದಾರ. ಜೀತದಾಳು ಉತ್ತದ್ದು ಯಜಮಾನನ ಹೆಸರಿನಲ್ಲಿ. ಹಾಗಾಗಿ ಅರ್ಜಿ ಹಾಕಲು ಅವನಿಗೆ ಗೇಣಿಯ ಹಕ್ಕೇ ಇರಲಿಲ್ಲ.

ಜೀತವನ್ನು ರದ್ದು ಮಾಡಿದ ಸುಗ್ರೀವಾಜ್ಞೆ ದೇಶದಲ್ಲಿ ಜಾರಿಗೆ ಬಂದದ್ದು 1975ರ ಅಕ್ಟೋಬರ್ 25ರಂದು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ‘ಶೋಲೆ’ ತೆರೆಗೆ ಬಂದದ್ದೂ ಅದೇ ವರ್ಷದ ಆಗಸ್ಟ್‌ನಲ್ಲಿ. ಊರಿಗೆ ಹೆಸರು ತಂದದ್ದು ಸಿನಿಮಾ. ಸುಗ್ರೀವಾಜ್ಞೆಯ ಸುದ್ದಿ ಬಂಡೆಗಳ ಬುಡದ ಹಟ್ಟಿಗಳಿಗೆ ತಲುಪಲು ಬಹಳ ವರ್ಷ ಹಿಡಿಯಿತು. 1976ರಲ್ಲಿ ಅದು ಜೀತ ಪದ್ಧತಿ ನಿರ್ಮೂಲನ ಕಾಯ್ದೆಯಾಯಿತು. ಅದರ ವ್ಯಾಖ್ಯೆ ಓದಿದವರಿಗೆ ಅಚ್ಚರಿ ಹುಟ್ಟಿಸುವಷ್ಟು ವಿಶಾಲ. ಸರಪಳಿ, ಬೀಗ, ಹೊಡೆತ ಬಡಿತ ಯಾವುದೂ ಬೇಕಿಲ್ಲ. ಮುಂಗಡ ಪಡೆದ ಕಾರಣಕ್ಕೆ ಒಬ್ಬ ಮನುಷ್ಯ ನಾಮಕಾವಾಸ್ತೆ ಕೂಲಿಗೆ ದುಡಿಯಬೇಕಾದರೆ ಅದು ಜೀತ. ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೂ ಜೀತ, ಊರು ಬಿಟ್ಟು ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೂ ಜೀತ. ತಾನು ತಯಾರಿಸಿದ ವಸ್ತುವನ್ನು ಮಾರುಕಟ್ಟೆಯ ಬೆಲೆಗೆ ಮಾರುವ ಹಕ್ಕನ್ನು ಕಳೆದುಕೊಂಡರೂ ಅದು ಜೀತವೇ. ಈ ಕೊನೆಯ ಮಾತನ್ನು ಯಾರೂ ಹೆಚ್ಚು ಗಮನಿಸಿಲ್ಲ. ಹೊಲದ ಆಳಿಗೂ ಸ್ವಂತ ಮನೆಯಲ್ಲಿ ಕುಳಿತು ದುಡಿಯುವ ಕುಶಲಕರ್ಮಿಗೂ ಇರುವ ನಂಟು ಅಲ್ಲಿದೆ.

ಕಾಯ್ದೆಯಲ್ಲಿ ಇನ್ನೊಂದು ಗಟ್ಟಿ ಅಂಶವಿದೆ. ಸಾಲ ಜೀತದ ಸಾಲವೆಂದು ಆಳು ಹೇಳಿದರೆ, ಅದು ಅಲ್ಲವೆಂದು ರುಜುವಾತು ಮಾಡುವ ಹೊಣೆ ಕೊಟ್ಟವನದು. ಅಕ್ಷರ ಬಾರದವನ ಕೈಯಲ್ಲಿ ಕಾಗದವಿರುವುದಿಲ್ಲ ಎಂಬುದನ್ನು ತಿಳಿದೇ ಬರೆದ ಕಲಮು ಇದು. 1982ರ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ) ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದಿತು. 1984ರ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ, ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವಿದೆ ಎಂದೇ ಮೊದಲು ಭಾವಿಸಬೇಕು ಎಂದಿತು.

ಕಾನೂನು ಇಷ್ಟು ಹರಿತವಾಗಿದ್ದರೂ ಅದನ್ನು ಹಳ್ಳಿಗೆ ಹೊತ್ತೊಯ್ಯುವವರು ಬೇಕಿತ್ತು. ಕರ್ನಾಟಕದಲ್ಲಿ ಆ ಕೆಲಸಕ್ಕೆ ಮುಖ್ಯವಾಗಿ ನಿಂತದ್ದು ಕಿರಣ್ ಕಮಲ್ ಪ್ರಸಾದ್ ಅವರ ಮುಂದಾಳತ್ವದ ಜೀತ ವಿಮುಕ್ತಿ ಕರ್ನಾಟಕ, ಅಂದರೆ ಜೀವಿಕ. 1980ರ ದಶಕದ ಕೊನೆಯಲ್ಲಿ ಆನೇಕಲ್ ಸೀಮೆಯಲ್ಲಿ ಜೀತದಾಳುಗಳ ಪತ್ತೆಯಿಂದ ಶುರುವಾದ ಈ ಪ್ರಯತ್ನ ಸುತ್ತಲ ತಾಲ್ಲೂಕುಗಳಿಗೂ ಹಬ್ಬಿತು. ಅದರ ಬಲವಿದ್ದದ್ದು ಊರೂರಿನ ಕಾರ್ಯಕರ್ತರಲ್ಲಿ. ಅವರಲ್ಲಿ ಅನೇಕರು ಜೀತದ ಮನೆಗಳಿಂದಲೇ ಬಂದವರು. ಸಂಜೆ ಹಟ್ಟಿಯಲ್ಲಿ ಕೂತು ಯಾರ ಮಗ ಯಾರ ಮನೆಯಲ್ಲಿದ್ದಾನೆ, ಎಷ್ಟು ವರ್ಷದಿಂದ, ಎಷ್ಟು ಹಣಕ್ಕೆ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುವುದು ಮೊದಲ ಹೆಜ್ಜೆ. ಬರೆದದ್ದನ್ನು ಅರ್ಜಿ ಮಾಡಿ ತಹಶೀಲ್ದಾರರಿಗೂ ಉಪವಿಭಾಗಾಧಿಕಾರಿಗೂ ಕೊಡುವುದು ಎರಡನೆಯದು. ಅರ್ಜಿ ಕೊಟ್ಟ ಮರುದಿನ ಯಜಮಾನ ಕರೆದು ‘ಏನೋ, ನಿನ್ನ ನಾನು ಜೀತಕ್ಕೆ ಇಟ್ಟಿದ್ದೀನೇನೋ?’ ಎಂದು ಕೇಳಿದಾಗ ಆಳು ಮಾತು ಬದಲಿಸದಂತೆ ಅವನ ಬೆನ್ನಿಗೆ ನಿಲ್ಲುವುದು ಮೂರನೆಯದು. ಎಲ್ಲಕ್ಕಿಂತ ಕಷ್ಟದ್ದು ಇದೇ. ಯಜಮಾನನ ಹೊಲ, ಯಜಮಾನನ ಬೋರ್‌ವೆಲ್ಲು, ಹೊಸ ಮುಂಗಡ ಕೊಡಬಲ್ಲ ಕೈಯೂ ಅವನದೇ ಇರುವ ಊರಿನಲ್ಲಿ ಸತ್ಯ ಹೇಳಿ ಉಳಿಯಲು ಸಂಘಟನೆ ಬೇಕು.

ವಿಚಾರಣೆ ಮುಗಿದ ಮೇಲೆ ಸಿಗಬೇಕಾದದ್ದು ಬಿಡುಗಡೆ ಪ್ರಮಾಣಪತ್ರ. ಒಂದೇ ಹಾಳೆಯ ಈ ಕಾಗದ ಸಾಲವನ್ನು ಅಳಿಸುತ್ತದೆ, ಪುನರ್ವಸತಿಗೆ ದಾರಿ ಮಾಡುತ್ತದೆ. 2016ರ ಕೇಂದ್ರ ಯೋಜನೆ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಅತ್ಯಂತ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಎಂದು ನಿಗದಿ ಮಾಡಿತು. ತಕ್ಷಣದ ನೆರವು ಆಗ 20 ಸಾವಿರವಿತ್ತು, ಮುಂದೆ 30 ಸಾವಿರಕ್ಕೆ ಏರಿತು. ಆದರೆ ದೊಡ್ಡ ಮೊತ್ತವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟು ಹಾಕಿದ್ದರಿಂದ ಬಿಡುಗಡೆಯಾದವನು ವರ್ಷಗಟ್ಟಲೆ ಕಾಯಬೇಕಾಯಿತು. ಕಾಯುವ ಅವಧಿಯಲ್ಲಿ ಅವನಿಗೆ ಅಡುಗೆಗೆ ಅಕ್ಕಿ ಬೇಕು, ಮಗುವಿಗೆ ಜ್ವರ ಬರುತ್ತದೆ, ಮುಂಗಡ ಕೊಡುವವನು ಅಲ್ಲೇ ಪಕ್ಕದಲ್ಲಿರುತ್ತಾನೆ. ಯೋಜನೆ ರೂಪಿಸಿದವರಿಗೆ ಇದು ಹೊಳೆಯದೆ ಹೋದದ್ದು ವಿಚಿತ್ರ.

ರೇಷ್ಮೆಯ ಕಥೆ ಇನ್ನೂ ತೊಡಕಿನದು, ಏಕೆಂದರೆ ಅಲ್ಲಿ ಒಂದೇ ಬೀದಿಯಲ್ಲಿ ಬೆಳಕೂ ಇದೆ, ಕತ್ತಲೆಯೂ ಇದೆ. ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರಲ್ಲಿ ಒಕ್ಕಲಿಗರು ಹೆಚ್ಚು. ಪಟ್ಟಣದಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳಲ್ಲಿ ಮುಸ್ಲಿಮರು ಹೆಚ್ಚು. ಈ ಇಬ್ಬರೂ ದಿನ ಬೆಳಗಾದರೆ ಮುಖಾಮುಖಿಯಾಗುವ ಜಾಗ ಈ ಮಾರುಕಟ್ಟೆ. ರೈತ ತಂದ ಗೂಡು ಉದ್ದನೆಯ ಜಾಲರಿಗಳಲ್ಲಿ ಹರಡಿಕೊಳ್ಳುತ್ತದೆ, ಪ್ರತಿ ಲಾಟಿಗೂ ಒಂದು ನಂಬರು. ರೀಲರ್ ಬಂದು ಗೂಡಿನೊಳಗೆ ಕೈಯಾಡಿಸುತ್ತಾನೆ, ಒಂದು ಹಿಡಿ ಎತ್ತಿ ಅದುಮಿ ನೋಡುತ್ತಾನೆ, ಜಳ್ಳೆಷ್ಟು, ಕಲೆ ಬಿದ್ದದ್ದೆಷ್ಟು ಎಂದು ಅಂದಾಜು ಮಾಡುತ್ತಾನೆ. ಹಿಂದೆ ಕೂಗಿನ ಹರಾಜು ನಡೆಯುತ್ತಿತ್ತು. ಕಳೆದ ದಶಕದಿಂದ ಬಿಡ್ಡು ಮೊಬೈಲ್ ಫೋನಿನಲ್ಲಿ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ತೂಕ ಸರ್ಕಾರಿ ತಕ್ಕಡಿಯಲ್ಲಿ, ರಸೀದಿ ಕೈಯಲ್ಲಿ.

ಇದು ತಾನಾಗಿ ಆದದ್ದಲ್ಲ. ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯಲ್ಲೇ ನಡೆಯಬೇಕೆನ್ನುವ ಕಟ್ಟುಪಾಡಿಗೆ ಆಧಾರ 1959ರ ಕಾಯ್ದೆ. 1979ರಲ್ಲಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಹುಟ್ಟಿತು, 1980ರಲ್ಲಿ ವಿಶ್ವಬ್ಯಾಂಕಿನ ನೆರವಿನ ರೇಷ್ಮೆ ಯೋಜನೆ ಬಂತು. ದಲ್ಲಾಳಿ ಹೊಲದ ಬದಿಗೆ ಬಂದು ತನ್ನ ತಕ್ಕಡಿಯಲ್ಲಿ ತೂಗಿ ತನ್ನ ಬಾಯಲ್ಲಿ ಬೆಲೆ ಹೇಳುವ ಕಾಲ ಹೀಗೆ ಹಿಂದೆ ಸರಿಯಿತು. ಮಾರುಕಟ್ಟೆಯಲ್ಲಿ ಜಗಳಗಳು ಆಗುತ್ತವೆ, ಬೆಲೆ ಕುಸಿದಾಗ ಹೆದ್ದಾರಿ ತಡೆಯೂ ನಡೆದದ್ದುಂಟು. ಆದರೂ ಜಗಳದ ವಿಷಯ ಬೆಲೆಯಾಗಿರುತ್ತದೆ. ಎರಡು ಸಮುದಾಯಗಳ ನಡುವೆ ವ್ಯವಹಾರದ ನಂಬಿಕೆ ಉಳಿದಿರುವುದಕ್ಕೆ ಭಾಷಣಗಳಿಗಿಂತ ಆ ತಕ್ಕಡಿ ಮತ್ತು ರಸೀದಿಯ ಪಾಲು ದೊಡ್ಡದು.

ಗೂಡು ಮಾರುಕಟ್ಟೆಯ ಗೇಟು ದಾಟಿ ರೀಲರ್‌ನ ಮನೆ ಸೇರಿದ ಮೇಲೆ ರಸೀದಿ ಇಲ್ಲ. ನೂಲು ತೆಗೆಯಲು ಚರಕ, ಕಾಟೇಜ್ ಬೇಸಿನ್ ಇಟ್ಟುಕೊಂಡ ಘಟಕಗಳು ಬಹುತೇಕ ಮನೆಗೆ ಹೊಂದಿಕೊಂಡ ಕೊಠಡಿಗಳು. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಎಳೆ ಸಡಿಲವಾಯಿತೇ ಎಂಬುದು ಗೊತ್ತಾಗುವುದು ಬೆರಳ ತುದಿಗೆ. ಹಾಗಾಗಿ ಸೌಟು, ಕೈಗವಸು ಉಪಯೋಗಕ್ಕೆ ಬಾರವು ಎಂದು ಬರಿಗೈಯನ್ನೇ ನೀರಿಗಿಳಿಸುತ್ತಾರೆ. ಚರ್ಮ ನೆನೆದು ಸುಲಿಯುತ್ತದೆ, ಬಿರುಕಿನಲ್ಲಿ ಕೀವಾಗುತ್ತದೆ. ಬೆಂದ ಹುಳುವಿನ ವಾಸನೆ, ಹಬೆ, ಸೌದೆಯ ಹೊಗೆ ಸೇರಿ ಉಸಿರಾಟ ಕೆಡುತ್ತದೆ. ನೂಲಿಗೆ ಹುರಿ ಹಾಕುವ ಟ್ವಿಸ್ಟಿಂಗ್ ಘಟಕಗಳಲ್ಲಿ ಕಿವಿಗಡಚಿಕ್ಕುವ ಸದ್ದಿನ ನಡುವೆ ಇಡೀ ದಿನ ನಿಂತೇ ಇದ್ದು, ಹರಿದ ಎಳೆಗಳನ್ನು ಕೂಡಿಸುತ್ತಿರಬೇಕು.

ಈ ಕೆಲಸಕ್ಕೆ ಮಕ್ಕಳನ್ನು ಇಡುತ್ತಿದ್ದರು. ಎಳೆಗೆ ಸಣ್ಣ ಬೆರಳು ಒಳ್ಳೆಯದು ಎಂಬ ಮಾತನ್ನು ಮುಂದೆ ಮಾಡುತ್ತಿದ್ದರೂ ನಿಜವಾದ ಕಾರಣ ಕೂಲಿ. ಮಗುವಿನ ಮೇಲೆ ಕೊಡುವ ಮುಂಗಡ ಚಿಕ್ಕದು, ಮಗು ಎದುರು ಮಾತಾಡುವುದಿಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರ ತನ್ನ ವರದಿಯಲ್ಲಿ ಭಾರತದ ಜೀತ ಮಕ್ಕಳ ಬಗ್ಗೆ ಬರೆದಿತ್ತು. 2003ರ ಜನವರಿಯಲ್ಲಿ ರೇಷ್ಮೆ ಉದ್ಯಮದ ಮಕ್ಕಳ ಬಗ್ಗೆಯೇ ಪ್ರತ್ಯೇಕ ವರದಿ ತಂದಾಗ ಮಾಗಡಿ ಮತ್ತು ರಾಮನಗರದ ಹೆಸರು ಜಗತ್ತಿನ ಮುಂದೆ ಬಂತು. ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ದುಡಿಯುವ ಮಕ್ಕಳು, ಅವರಲ್ಲಿ ಹೆಚ್ಚಿನವರು ದಲಿತ ಹಾಗೂ ಮುಸ್ಲಿಂ ಬಡ ಕುಟುಂಬಗಳವರು ಎಂಬುದನ್ನು ಅದು ಮಕ್ಕಳ ಮಾತಿನಲ್ಲೇ ದಾಖಲಿಸಿತು. ಊರಿಗೆ ಅವಮಾನವಾಯಿತು ಎಂದು ಸಿಟ್ಟಾದವರು ಇದ್ದರು. ಆ ಸಿಟ್ಟಿನಲ್ಲಿ ಒಂದಿಷ್ಟು ನ್ಯಾಯವೂ ಇತ್ತು, ಏಕೆಂದರೆ ರೇಷ್ಮೆ ಸೀರೆಯ ಲಾಭ ಮಾಗಡಿಯಲ್ಲಿ ಉಳಿಯುವುದಿಲ್ಲ. ಚಿಕ್ಕ ರೀಲರ್ ಕೂಡ ನೂಲಿನ ವ್ಯಾಪಾರಿಯಿಂದ ಮುಂಗಡ ತಂದವನೇ. ಬೆಳಗ್ಗೆ ಗೂಡಿಗೆ ಹಣ ಸುರಿದು ಸಂಜೆ ನೂಲನ್ನು ಆ ವ್ಯಾಪಾರಿಗೇ, ಅವನು ಹೇಳಿದ ಬೆಲೆಗೇ ಕೊಡಬೇಕು. ಮೇಲಿನ ಒತ್ತಡವನ್ನು ಅವನು ತನಗಿಂತ ಕೆಳಗಿನವರ ಮೇಲೆ ಇಳಿಸುತ್ತಾನೆ, ಸರಪಳಿಯ ಕೊನೆಯಲ್ಲಿ ಮಗು ನಿಂತಿರುತ್ತದೆ.

ಮಕ್ಕಳು ಈ ಕೊಠಡಿಗಳಿಂದ ಹೊರಬಂದ ಬಗೆಯನ್ನು ಒಂದೇ ಕಾರಣಕ್ಕೆ ಕಟ್ಟಲಾಗದು. ದಾಳಿಗಳು ನಡೆದವು. 1996ರಲ್ಲಿ ಸುಪ್ರೀಂ ಕೋರ್ಟು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಅಪಾಯಕರ ಕೆಲಸಕ್ಕೆ ಮಗುವನ್ನು ಇಟ್ಟ ಮಾಲೀಕ ತಲಾ 20 ಸಾವಿರ ರೂಪಾಯಿ ಕಟ್ಟಬೇಕೆಂದಿತು. ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯಡಿ ವಿಶೇಷ ಶಾಲೆಗಳು ತೆರೆದವು. ಶಾಲೆಯಲ್ಲಿ ಬಿಸಿಯೂಟ ಬಂದದ್ದು ದೊಡ್ಡ ಸಂಗತಿ. ಮಧ್ಯಾಹ್ನದ ಊಟಕ್ಕಾಗಿ ಮಗುವನ್ನು ಕೆಲಸಕ್ಕೆ ಕಳಿಸುತ್ತಿದ್ದ ಮನೆಗೆ ಅದು ನೇರ ಉತ್ತರವಾಗಿತ್ತು. ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು ಗೈರುಹಾಜರಾದ ಮಕ್ಕಳ ಮನೆಗೆ ಹೋಗಿ ವಿಚಾರಿಸತೊಡಗಿದರು. ಇತ್ತ ಬಿಡದಿಯಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು, ಗಾರ್ಮೆಂಟ್ಸ್ ಬಸ್ಸುಗಳು ಹಳ್ಳಿಗಳಿಗೆ ಬಂದವು. ತಾಯಿಗೆ ತಿಂಗಳ ಸಂಬಳ ಸಿಗುವ ಕಡೆ ಮಗಳ ಮೇಲೆ ಮುಂಗಡ ತರುವುದು ಕಡಿಮೆಯಾಯಿತು. ಗಾರ್ಮೆಂಟ್ಸ್ ಕೆಲಸ ಸುಖದ್ದಲ್ಲ, ಆದರೆ ಬೇಡವೆನಿಸಿದರೆ ಬಿಡಬಹುದು. ಸ್ವಯಂಚಾಲಿತ ರೀಲಿಂಗ್ ಯಂತ್ರಗಳು ಬಂದ ಮೇಲೆ ದೊಡ್ಡ ಘಟಕಗಳಿಗೆ ಎಳೆಯ ಕೈಗಳ ಅಗತ್ಯವೂ ತಗ್ಗಿತು.

ಒಂದು ಬಾಗಿಲು ಮಾತ್ರ ತೆರೆದೇ ಇದೆ. 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿತು. ಆದರೆ ಶಾಲೆ ಬಿಟ್ಟ ನಂತರ, ಅಪಾಯವಿಲ್ಲದ ಕುಟುಂಬದ ಕಸುಬಿಗೆ ನೆರವಾಗುವುದಕ್ಕೆ ವಿನಾಯಿತಿ ಕೊಟ್ಟಿತು. ಮನೆಗೂ ಕಾರ್ಖಾನೆಗೂ ಒಂದೇ ಗೋಡೆಯಿರುವ ಊರಿನಲ್ಲಿ ಈ ವಿನಾಯಿತಿಯ ಎಲ್ಲೆ ಎಲ್ಲಿ ಮುಗಿಯುತ್ತದೆಂದು ಹೇಳುವುದು ಇನ್‌ಸ್ಪೆಕ್ಟರಿಗೂ ಸುಲಭವಲ್ಲ.

ಚನ್ನಪಟ್ಟಣದ ಬೊಂಬೆ ಕಸುಬಿನಲ್ಲಿ ಗಂಟಿನ ರೂಪ ಬೇರೆ. ಇಲ್ಲಿ ಕುಶಲಕರ್ಮಿ ತನ್ನ ಮನೆಯಲ್ಲೇ ಇರುತ್ತಾನೆ, ಲೇತ್ ಅವನದೇ. ಹಾಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿ, ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು. ಈ ಕಸುಬಿಗೆ ಟಿಪ್ಪು ಸುಲ್ತಾನ ಆಶ್ರಯ ಕೊಟ್ಟ ಕಥೆ ಎಲ್ಲರಿಗೂ ಗೊತ್ತು. ಕಸುಬಿಗೆ ಜಪಾನಿನ ತಂತ್ರವನ್ನು ಕಲಿಸಿಕೊಟ್ಟ ಬಾವಾಸ್ ಮಿಯಾನ್ ಅವರನ್ನು ಊರು ಈಗಲೂ ನೆನೆಯುತ್ತದೆ. ಕೈಗೆ ಕಟ್ಟು ಬಿದ್ದದ್ದು ಮರ ಮತ್ತು ಅರಗಿನ ವಿಷಯದಲ್ಲಿ. ಕಚ್ಚಾಮಾಲನ್ನೂ ಮುಂಗಡವನ್ನೂ ವ್ಯಾಪಾರಿಯೇ ಕೊಟ್ಟರೆ ಬೊಂಬೆಯೂ ಅವನಿಗೇ ಹೋಗಬೇಕು, ಬೆಲೆಯನ್ನೂ ಅವನೇ ಹೇಳಬೇಕು. 1976ರ ಕಾಯ್ದೆಯ ವ್ಯಾಖ್ಯೆಯ ಕೊನೆಯ ಮಾತು ನೆನಪಾಗುವುದು ಇಲ್ಲಿ. ಯಾವ ಅಧಿಕಾರಿಯೂ ಇದನ್ನು ಜೀತವೆಂದು ಬರೆದುಕೊಳ್ಳುವುದಿಲ್ಲ, ಬೊಂಬೆಗಾರನೂ ಆ ಮಾತನ್ನು ಒಪ್ಪುವುದಿಲ್ಲ. ಆದರೂ ತನ್ನ ಮಾಲಿಗೆ ತಾನು ಬೆಲೆ ಹೇಳಲಾರದ ಸ್ಥಿತಿ ಅದೇ ಜಾತಿಯದು.

ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಇಲ್ಲಿ ನಡೆಸುವ ಕರಕುಶಲ ಸಂಕೀರ್ಣ, ನೆದರ್ಲೆಂಡ್ಸ್‌ನ ಮತ್ತು ರಾಜ್ಯದ ‘ವಿಶ್ವ’ ಯೋಜನೆಯ ನೆರವಿನಿಂದ ಬಂದ ಲೇತ್‌ಗಳು ಮತ್ತು ಕೆಲಸದ ಶೆಡ್ಡುಗಳು, 2005–06ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯ ಮಾನ್ಯತೆ ಇವೆಲ್ಲ ಬೊಂಬೆಗಾರನಿಗೆ ವ್ಯಾಪಾರಿಯಿಂದ ಸ್ವಲ್ಪ ದೂರ ನಿಲ್ಲುವ ಅವಕಾಶ ಕೊಟ್ಟವು. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಕೆಲಸ ಮಾಡುತ್ತಿದ್ದ ಮಾಯಾ ಸಂಸ್ಥೆ ತಂದೆ ತಾಯಿಯ ಆದಾಯ ಸರಿಹೋಗದೆ ಮಗು ಶಾಲೆಯಲ್ಲಿ ಉಳಿಯದು ಎಂಬ ತರ್ಕದಿಂದ ಬೊಂಬೆ ಕಸುಬಿಗೇ ಕೈಹಾಕಿತು. ಮಾಯಾ ಆರ್ಗ್ಯಾನಿಕ್ ಹೆಸರಿನಲ್ಲಿ ಕುಶಲಕರ್ಮಿಗಳ ಗುಂಪುಗಳು ಸುರಕ್ಷಿತ ಬಣ್ಣದ ಬೊಂಬೆಗಳನ್ನು ನೇರವಾಗಿ ಹೊರ ಮಾರುಕಟ್ಟೆಗೆ ಕಳಿಸಿದವು. ಹೆಂಗಸರ ಸ್ಥಾನ ಬದಲಾದದ್ದು ಈ ಅವಧಿಯಲ್ಲೇ. ಮೊದಲು ಅವರು ಗಂಡನೋ ಅಣ್ಣನೋ ಕಡೆದ ತುಂಡುಗಳಿಗೆ ಹೊಳಪು ಕೊಡುವುದು, ಕಣ್ಣು ಮೂಗು ಬರೆಯುವುದು, ಡಬ್ಬಿ ತುಂಬುವುದು ಮಾಡುತ್ತಿದ್ದರು. ಇದಕ್ಕೆ ಪ್ರತ್ಯೇಕ ಕೂಲಿ ಇರಲಿಲ್ಲ. ಕಾಲಿನಿಂದಲೋ ಕಮಾನಿನಿಂದಲೋ ತಿರುಗಿಸುವ ಲೇತ್ ಹೋಗಿ ಕರೆಂಟಿನ ಲೇತ್ ಬಂದ ಮೇಲೆ, ತರಬೇತಿ ಪಡೆದ ಹೆಂಗಸರು ತಾವೇ ಉಳಿ ಹಿಡಿದರು. ಕಡೆಯುವವಳ ಹೆಸರಿನಲ್ಲಿ ತುಂಡಿನ ಲೆಕ್ಕ ಬಿದ್ದಾಗ ಹಣ ಅವಳ ಖಾತೆಗೆ ಬರುತ್ತದೆ.

ಕಾಗದವೇ ಇಲ್ಲದವರ ಪಾಡು ಇರುಳಿಗ ಬುಡಕಟ್ಟಿನವರದು. ಸಾವನದುರ್ಗದ ಸುತ್ತ, ರಾಮನಗರದ ಬೆಟ್ಟಗಳ ತಪ್ಪಲಿನಲ್ಲಿ, ಕನಕಪುರದ ಕಾಡಂಚಿನಲ್ಲಿ ಇವರ ದೊಡ್ಡಿಗಳಿವೆ. ಜೇನು, ಗೆಣಸು, ಬಿದಿರು, ಅರಗು ಇವರ ಹಳೆಯ ಆಧಾರ. ಕಾಡು ಮೀಸಲು ಅರಣ್ಯವಾಗಿ, ಅಭಯಾರಣ್ಯವಾಗಿ ಬಾಗಿಲು ಹಾಕಿಕೊಂಡಾಗ ಇವರು ತಪ್ಪಲಿನ ತೋಟ, ಹೊಲ, ಕ್ವಾರಿಗಳಿಗೆ ಕೂಲಿಗಿಳಿದರು. ಅಲ್ಲಿ ಕಾದಿದ್ದದ್ದು ಮತ್ತದೇ ಮುಂಗಡ. 2006ರ ಅರಣ್ಯ ಹಕ್ಕು ಕಾಯ್ದೆ, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ನೆಲ ನೆಚ್ಚಿಕೊಂಡ ಬುಡಕಟ್ಟಿನ ಕುಟುಂಬಕ್ಕೆ ನಾಲ್ಕು ಹೆಕ್ಟೇರ್‌ವರೆಗೆ ಸಾಗುವಳಿಯ ಹಕ್ಕನ್ನೂ ಸಮುದಾಯಕ್ಕೆ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನೂ ಮಾನ್ಯ ಮಾಡಿತು. ಅರ್ಜಿ ಮೊದಲು ಗ್ರಾಮಸಭೆಯಲ್ಲಿ ಆಯ್ಕೆಯಾದ ಅರಣ್ಯ ಹಕ್ಕು ಸಮಿತಿಗೆ, ಆಮೇಲೆ ಉಪವಿಭಾಗ ಸಮಿತಿಗೆ, ಕೊನೆಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಗೆ ಹೋಗುತ್ತದೆ. ಪುರಾವೆಯಾಗಿ ಸರ್ಕಾರಿ ದಾಖಲೆಯೇ ಬೇಕೆಂದಿಲ್ಲ. ಹಿರಿಯರ ಹೇಳಿಕೆ, ಹಳೆಯ ಬಾವಿ, ಸಮಾಧಿ, ದೇವರ ಕಲ್ಲು ಸಾಕು. ಹೀಗಾಗಿ ಇರುಳಿಗರ ಯುವಕರು ಅಜ್ಜ ಅಜ್ಜಿಯರನ್ನು ಕರೆದುಕೊಂಡು ಕಾಡಿನೊಳಗೆ ಹೋಗಿ ಹಳೆಯ ಹಟ್ಟಿಯ ಬುನಾದಿ ಎಲ್ಲಿತ್ತು, ಸತ್ತವರನ್ನು ಎಲ್ಲಿ ಹೂಳಿದರು ಎಂದು ಗುರುತು ಹಾಕಿಸಿಕೊಳ್ಳಬೇಕು. ಅರಣ್ಯ ಇಲಾಖೆಯ ಆಕ್ಷೇಪ, ಗ್ರಾಮಸಭೆಯಲ್ಲಿ ದೊಡ್ಡ ಜಾತಿಗಳದೇ ಸಂಖ್ಯೆ, ಮೂಲೆಯಲ್ಲಿ ಉಳಿದುಬಿಡುವ ಕಡತಗಳು, ಇವೆಲ್ಲದರ ಎದುರು ಕಚೇರಿ ಮುಂದೆ ಧರಣಿ ಕೂರುವುದು ಇವರಿಗೆ ರೂಢಿಯಾಗಿದೆ.

ಮುಂಗಡಕ್ಕೆ ಬದಲಿ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಸಿಕ್ಕ ಒಂದು ಉತ್ತರ ಹೆಂಗಸರ ಸ್ವಸಹಾಯ ಸಂಘ. ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕರ್ನಾಟಕದಲ್ಲೇ ಕಂಡುಕೊಂಡ ಮಾದರಿಯನ್ನು ನಬಾರ್ಡ್ 1992ರಲ್ಲಿ ಬ್ಯಾಂಕುಗಳಿಗೆ ಜೋಡಿಸಿತು. 2000ದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಗುಂಪುಗಳು ಹುಟ್ಟಿದವು. ವಾರಕ್ಕಿಷ್ಟು ಉಳಿತಾಯ, ಅದರಿಂದಲೇ ಒಬ್ಬೊಬ್ಬರಿಗೆ ಸಾಲ, ಎಲ್ಲರೆದುರು ಓದುವ ಲೆಕ್ಕದ ಪುಸ್ತಕ. ಯಾರು ಎಷ್ಟು ತೆಗೆದುಕೊಂಡರು, ಎಷ್ಟು ಕಟ್ಟಿದರು ಎಂಬುದು ಇಪ್ಪತ್ತು ಜನರಿಗೆ ಗೊತ್ತಿರುವ ಕಡೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿರುಚಲಾಗದು. ಮಾಲೀಕನ ಚೀಟಿ ಪುಸ್ತಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದು ದೊಡ್ಡದು.

ಸಂಘದ ದಾರಿಯಲ್ಲೇ ಹೊಸ ಮುಂಗಡವೂ ಬಂತು. ಮೈಕ್ರೋಫೈನಾನ್ಸ್ ಕಂಪನಿಗಳು, ಪರವಾನಗಿಯೇ ಇಲ್ಲದ ಬಡ್ಡಿ ವ್ಯವಹಾರದವರು ಮನೆ ಬಾಗಿಲಿಗೆ ಬಂದು ಕೊಟ್ಟ ಸಾಲದ ಕಂತಿಗೆ ಹೆದರಿ ಮನೆಗೆ ಬೀಗ ಹಾಕಿ ಹೋದ ಕುಟುಂಬಗಳ ಸುದ್ದಿ 2025ರ ಆರಂಭದಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಬಂತು. ರಾಮನಗರವೂ ಅವುಗಳಲ್ಲೊಂದು. ಆ ವರ್ಷದ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಆಮೇಲೆ ಕಾಯ್ದೆಯಾದ ನಿಯಮ, ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷದವರೆಗೆ ದಂಡ ಎಂದಿತು. ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆಯೇ ಎಂದೂ ಹೇಳಿತು. ರಿಸರ್ವ್ ಬ್ಯಾಂಕಿನ ನೋಂದಣಿ ಇರುವ ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲ.

ಇಟ್ಟಿಗೆ ಗೂಡು, ಕ್ವಾರಿಗಳಲ್ಲಿ ಈಗ ದುಡಿಯುವವರಲ್ಲಿ ಹೊರ ರಾಜ್ಯದವರೂ ಇದ್ದಾರೆ. ಅವರ ಮುಂಗಡ ಅವರ ಊರಿನಲ್ಲೇ, ಮೇಸ್ತ್ರಿಯ ಕೈಯಿಂದ ಬಂದದ್ದು. ಜಿಲ್ಲೆ ಹಾಗೂ ಉಪವಿಭಾಗ ಮಟ್ಟದ ಜೀತ ಜಾಗೃತಿ ಸಮಿತಿಗಳಲ್ಲಿ ಪರಿಶಿಷ್ಟ ಜಾತಿ ಪಂಗಡಗಳ ಸ್ಥಳೀಯರು, ಸಮಾಜ ಕಾರ್ಯಕರ್ತರು ಇರಬೇಕೆಂದು 1976ರ ಕಾಯ್ದೆ ಹೇಳುತ್ತದೆ. ಆದರೆ ಊರಿನ ಆಳುಗಳನ್ನು ಹೆಸರು ಹಿಡಿದು ಬಲ್ಲವರಿಗೆ ಈ ಹೊಸಬರ ಭಾಷೆ ಬಾರದು, ಶೆಡ್ಡಿನ ಒಳಗೆ ಹೋಗಲು ನೆಂಟಸ್ತಿಕೆಯೂ ಇಲ್ಲ. ಬಿಡುಗಡೆ ಪ್ರಮಾಣಪತ್ರ ಇಲ್ಲಿ ಬರೆದು ಕೊಟ್ಟರೂ ಪುನರ್ವಸತಿ ನಡೆಯಬೇಕಾದದ್ದು ಅವರ ಜಿಲ್ಲೆಯಲ್ಲಿ. ಎರಡು ರಾಜ್ಯಗಳ ಕಚೇರಿಗಳ ನಡುವೆ ಆ ಕಡತದ ಹಿಂದೆ ಬೀಳುವವರು ಯಾರೆಂಬುದು ಈಗ ಇಲ್ಲಿನ ಕಾರ್ಯಕರ್ತರ ಮುಂದಿರುವ ಪ್ರಶ್ನೆ.